ವೆಲ್ಡಾರ್ ಮನೆಗೆ ಬಂದ ಪುಟ

ವುಡ್‌ಸೈಡ್, ಕ್ವೀನ್ಸ್, ನ್ಯೂಯಾರ್ಕ್
೧೪ ಸೆಪ್ಟೆಂಬರ್ ೧೯೯೧

ನೇಟ್‌ಗೆ,

‘ಪ್ರಿಯ’ ಎಂದು ಬರೆದು ಹೊಡೆದುಹಾಕಿದೆ. ‘ಮಾನ್ಯರೇ’ ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಮನಿಲಾದ ಕಾಲೇಜಿನಲ್ಲಿ ನಾನು ಕಲಿತ ಎರಡು ವರ್ಷದ ಇಂಗ್ಲಿಷಿನಲ್ಲಿ ಮಿಸೆಸ್ ವಿಲ್ಯಾಲುಸ್ ರಜೆ ಕೇಳುವ ಪತ್ರ, ನೌಕರಿ ಬೇಡುವ ಪತ್ರ, ಸಂತಾಪದ ಪತ್ರ ಇವಿಷ್ಟನ್ನೇ ಹೇಳಿಕೊಟ್ಟದ್ದು. ಹದಿನೆಂಟು ವರ್ಷ ಮಾತು ಬಿಟ್ಟ ಗೆಳೆಯನಿಗೆ ಬರೆಯುವುದು ಪಠ್ಯದಲ್ಲಿರಲಿಲ್ಲ. ನೆವರ್‌ದಿಲೆಸ್, ಬರೆಯುತ್ತಿದ್ದೇನೆ. ಆ ಕಾಲೇಜಿನಿಂದ ನನಗೆ ಗಟ್ಟಿಯಾಗಿ ಉಳಿದದ್ದು ‘ಹಾಗಿದ್ದರೂ’ ಎನ್ನುವ ಈ ‘ನೆವರ್‌ದಿಲೆಸ್’ ಒಂದೇ. ಎಲ್ಲಿ ಹಾಕಬೇಕೆಂದು ತಿಳಿಯದೆ ಎಲ್ಲೆಲ್ಲೂ ಹಾಕುತ್ತೇನೆ ಎಂದು ನೀನು ನಗುತ್ತಿದ್ದೆ.

ವಿಷಯ ನಮ್ಮ ಕಾಮಿಕ್ಸಿನ ವೆಲ್ಡಾರ್‌ನದು. ಹೋದ ವಾರ ಕಂಪನಿಯಿಂದ ಜೋನೆಟ್ ಪ್ರೂಯಿಟ್ ಎಂಬ ಹೊಸ ಸಂಪಾದಕಿ ಫೋನು ಮಾಡಿದ್ದಳು. ನಮ್ಮ ಕಾಲದವಳಲ್ಲ, ನಾವು ವೆಲ್ಡಾರ್‌ನನ್ನು ಹುಟ್ಟಿಸಿದಾಗ ಅವಳು ತೊಟ್ಟಿಲಲ್ಲಿದ್ದಿರಬೇಕು.

“ಮಿಸ್ಟರ್ ಡುಮ್ಲಾವ್, ಒಂದು ಸಣ್ಣ ಪ್ರಶ್ನೆ. ವೆಲ್ಡಾರ್ ಹೆಂಡತಿ ಸತ್ತಿದ್ದಾಳಾ, ಬದುಕಿದ್ದಾಳಾ?”

“ಸತ್ತಳು ಅಂತ ಯಾರು ಹೇಳಿದ್ದು?”

“ಮೂವತ್ತೊಂದನೇ ಸಂಚಿಕೆ.”

“ಅದು ನೇಟ್ ಹೇಳಿದ್ದು. ನಾನು ಹೇಳಿಲ್ಲ.”

ಪಾಪ, ಹುಡುಗಿ ಅದನ್ನೂ ಬರೆದುಕೊಂಡಳು. ಅವಳು ವೆಲ್ಡಾರ್‌ನ ಪೂರ್ತಿ ಚರಿತ್ರೆಯನ್ನು ಒಂದು ಕಡೆ ಕೂಡಿಸುತ್ತಿದ್ದಾಳೆ. ನಾವು ಬಿಟ್ಟ ಮೇಲೆ ಯಾರು ಯಾರೋ ಬರೆದಿದ್ದಾರಲ್ಲ. ಒಬ್ಬ ಅವನಿಗೆ ಹುಚ್ಚು ಹಿಡಿಸಿದ, ಇನ್ನೊಬ್ಬ ಅವನನ್ನು ಕಪ್ಪು ರಂಧ್ರದೊಳಗೆ ತಳ್ಳಿ ಮರೆತ. ನನಗೆ ಮೊದಲ ಭಾಗವೊಂದೇ ನೆನಪಿರುವುದು. ಮೈನ್ ರಾಜ್ಯದ ಕರಾವಳಿಯ ದೀಪಸ್ತಂಭ ಕಾಯುವ ಏಮಸ್ ಟ್ರಾಸ್ಕ್. ಸಾಯುತ್ತಿದ್ದ ನಕ್ಷತ್ರದ ಒಂದು ಕೆಂಡ ಬಂದು ಅವನ ದೀಪಕ್ಕೆ ಬಿತ್ತು. ಅವತ್ತಿನಿಂದ ಅವನು ವೆಲ್ಡಾರ್, ಆರಿಹೋಗುವ ನಕ್ಷತ್ರಗಳನ್ನು ಹೊತ್ತಿಸುವವನು. ಅಲ್ಲಿ ಒಂದು ಪಾಳಿ ಮುಗಿಸಿ ಬರುವಷ್ಟರಲ್ಲಿ ಇಲ್ಲಿ ವರ್ಷಗಳು ಕಳೆದಿರುತ್ತವೆ. ಅವನು ದಾರಿ ತಪ್ಪದಿರಲೆಂದು ಹೆಂಡತಿ ಹೆಸ್ಟರ್ ದಿನಾ ಸಂಜೆ ಆ ದೀಪ ಹಚ್ಚಿಟ್ಟು ಕಾಯುತ್ತಾಳೆ. ಅಷ್ಟೇ ಕಥೆ. ಚೆನ್ನಾಗಿತ್ತು ಕಣಯ್ಯ.

ನಾವು ಮಾಡಿದ ಕೊನೆಯ ಸಂಚಿಕೆಯ ಕೊನೆಯ ಪುಟದಲ್ಲಿ ಅವನು ಮನೆಗೆ ಬರುತ್ತಾನೆ. ಅವಳು ದೀಪದ ಪಕ್ಕ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಾಳೆ. ನಾನು ಚಿತ್ರಿಸಿದ್ದು ನಿದ್ದೆ. ಅದರ ಮೇಲೆ ನೀನು ಹಾಕಿದ ಮಾತು ನನಗೆ ಬಾಯಿಪಾಠ: ‘ನಕ್ಷತ್ರಗಳನ್ನು ಕಾದವನಿಗೆ ಮನೆಯ ಒಂದು ಬತ್ತಿಯನ್ನು ಕಾಯಲಾಗಲಿಲ್ಲ.’ ಜನ ಅತ್ತರಂತೆ. ನಾನಂತೂ ಅವತ್ತಿನಿಂದ ನಿನ್ನೊಡನೆ ಮಾತಾಡಲಿಲ್ಲ.

ಈಗ ಹೊಸ ಹುಡುಗರು ಹೆಸ್ಟರ್‌ಳನ್ನು ಗೋರಿಯಿಂದ ಎಬ್ಬಿಸಿ, ಕರಿಯ ಕಿರೀಟ ಇಟ್ಟು, ನಕ್ಷತ್ರ ನುಂಗುವ ರಾಕ್ಷಸಿಯನ್ನಾಗಿ ಮಾಡುತ್ತಾರಂತೆ. ಕರಡು ಚಿತ್ರ ನೋಡಿದೆ. ಬಾಯಿಂದ ಹೊಗೆ ಬರುತ್ತಿದೆ. ನೇಟ್, ಅದು ಯಾರ ಮುಖ ಎಂದು ನಿನಗೆ ಗೊತ್ತು. ಹೆಸ್ಟರ್‌ಗೆ ನಾನು ಕೊಟ್ಟದ್ದು ನನ್ನ ಹೆಂಡತಿ ಫೆಲಿಸಿದಾದ್‌ಳ ಮುಖ.

ಜೋನೆಟ್ ಒಳ್ಳೆಯವಳು, ಮೇಲಿನವರ ಹತ್ತಿರ ಒಂದು ಅವಕಾಶ ಕೇಳಿ ತಂದಿದ್ದಾಳೆ. ಹುಟ್ಟಿಸಿದ ಇಬ್ಬರೂ ಸೇರಿ ಫೆಬ್ರವರಿ ಮುಗಿಯುವುದರೊಳಗೆ ಎಂಟು ಪುಟದ ಕಥೆ ಕೊಟ್ಟು, ಹೆಸ್ಟರ್ ಬದುಕಿದ್ದಾಳೆ ಎಂದು ತೋರಿಸಿದರೆ ಅದೇ ಚರಿತ್ರೆ. ಇಲ್ಲದಿದ್ದರೆ ಕಿರೀಟ, ಹೊಗೆ. ಒಬ್ಬನೇ ಮಾಡುವಂತಿಲ್ಲ, ಇಬ್ಬರೂ ಬೇಕು.

ನಾನು ಬರೆಯುವಷ್ಟು ಬರೆದೆ.

ಇತಿ,
ಮಕಾರಿಯೋ ಡುಮ್ಲಾವ್


ಸರಸೋಟ, ಫ್ಲಾರಿಡಾ
೨ ಅಕ್ಟೋಬರ್ ೧೯೯೧

ಮ್ಯಾಕ್,

ಕೈಬರಹ ನೋಡಿ ಗಾಬರಿಯಾಗಬೇಡ. ಇದು ನನ್ನ ತಂಗಿ ರೋಸ್ಲಿನ್‌ಳದು. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ, ಮಧ್ಯೆ ಮಧ್ಯೆ ಬೈಯುತ್ತಾಳೆ. ನನ್ನ ಕಣ್ಣು ಹೋಗಿದೆ. ಪೂರ್ತಿ ಅಲ್ಲ, ನಡುಭಾಗ. ನೇರ ನೋಡಿದ್ದೆಲ್ಲ ಮಸಿ. ಅಂಚುಗಳು ಮಾತ್ರ ಕಾಣುತ್ತವೆ. ದೇವರಿಗೆ ಹಾಸ್ಯಪ್ರಜ್ಞೆ ಇದೆ, ಯಾಕೆಂದು ಹೇಳುತ್ತೇನೆ.

ನಾವು ಕೆಲಸ ಮಾಡುತ್ತಿದ್ದದ್ದು ಹೇಗೆ? ಇಬ್ಬರೂ ಫೋನಿನಲ್ಲಿ ಹತ್ತು ನಿಮಿಷ ಕಥೆ ಮಾತಾಡುವುದು. ನೀನು ಇಡೀ ಸಂಚಿಕೆಯ ಚಿತ್ರ ಬರೆದು, ಪ್ರತಿ ಚೌಕದ ಪಕ್ಕ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿ ಕಳಿಸುವುದು: ‘ಇಲ್ಲಿ ಇವನಿಗೆ ಕೋಪ’, ‘ಇಲ್ಲಿ ಇವಳು ಸುಳ್ಳು ಹೇಳುತ್ತಾಳೆ, ನೆವರ್‌ದಿಲೆಸ್ ಪ್ರೀತಿ ಇದೆ.’ ಅದನ್ನು ಓದಿಕೊಂಡು ನಾನು ಮಾತು ತುಂಬುವುದು. ಚಿತ್ರ ಮೊದಲು, ಮಾತು ಆಮೇಲೆ.

ಆ ಕೊನೆಯ ಪುಟದ ಅಂಚು ಖಾಲಿಯಿತ್ತು, ಮ್ಯಾಕ್. ಒಂದು ಅಕ್ಷರ ಇರಲಿಲ್ಲ. ‘ನಿದ್ದೆ’ ಎಂದು ಬರೆಯಲು ಎಷ್ಟು ಹೊತ್ತು ಬೇಕು? ಈಗ ನನಗೆ ಅಂಚು ಮಾತ್ರ ಕಾಣುವಂತಾದಾಗ ಬಂದು ಕೇಳುತ್ತೀಯಲ್ಲ.

ಹೆಸ್ಟರ್ ಸತ್ತಿದ್ದಾಳೆ. ನಾನು ಬರೆದದ್ದರಲ್ಲಿ ಜನ ನೆನಪಿಟ್ಟಿರುವುದು ಅದೊಂದೇ ವಾಕ್ಯ, ಅದನ್ನೂ ವಾಪಸು ಕೊಡು ಎನ್ನುತ್ತೀಯಾ? ಕುರುಡನಿಂದ ಚಿತ್ರಕಥೆ ಬರೆಸಲು ನಿನಗೇನು ಹುಚ್ಚೆ?

ರೋಸ್ಲಿನ್ ಹೇಳುತ್ತಿದ್ದಾಳೆ: “ಅಷ್ಟು ಒರಟಾಗಿ ಬರೆಸ್ಬೇಡ ಕಣೋ.” ಅದನ್ನೂ ಬರಿ ಎಂದೆ.

ನೇಥನ್ ಲಿಪ್ಕಿನ್


ವುಡ್‌ಸೈಡ್
೨೦ ಅಕ್ಟೋಬರ್ ೧೯೯೧

ನೇಟ್,

ನಿನ್ನ ಕಾಗದ ಓದಿ ಸಿಟ್ಟಿನಿಂದ ಒಂದು ಉತ್ತರ ಬರೆದೆ. ಅದನ್ನು ಹರಿದುಹಾಕಿ, ಅಕ್ಕಿ ತೊಳೆದು, ಒಲೆಗಿಟ್ಟು, ಈಗ ಮತ್ತೆ ಕೂತಿದ್ದೇನೆ. ಒಬ್ಬನಿಗೆ ಅನ್ನ ಮಾಡಲು ನನಗೆ ಇವತ್ತಿಗೂ ಬರುವುದಿಲ್ಲ, ಯಾವಾಗಲೂ ಮಿಗುತ್ತದೆ.

ಅಂಚು ಖಾಲಿಯಿದ್ದದ್ದು ನಿಜ. ಆ ಪುಟ ನಾನು ಬರೆದದ್ದು ಮೇಜಿನ ಮೇಲಲ್ಲ, ಆಸ್ಪತ್ರೆಯಲ್ಲಿ, ಫೆಲಿಯ ಮಂಚದ ಪಕ್ಕ, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು. ಮೊದಲ ಸಲ ಹೊಟ್ಟೆ ಕೊಯ್ದ ವಾರ. ಅವಳು ಮಲಗಿದ್ದಳು. ಕಣ್ಣೆದುರು ಇದ್ದದ್ದನ್ನೇ ಬರೆದೆ. ಎದುರಿಗೆ ಉಸಿರಾಡುತ್ತಿರುವವಳ ಪಕ್ಕ ‘ಇವಳು ನಿದ್ದೆ ಮಾಡುತ್ತಿದ್ದಾಳೆ’ ಎಂದು ಯಾರಾದರೂ ಬರೆಯುತ್ತಾರೆಯೇ?

ನಿನಗೆ ಗೊತ್ತಿಲ್ಲದ್ದು ಒಂದಿದೆ. ಸಂಚಿಕೆ ಅಚ್ಚಾಗಿ ಬಂದಾಗ ಅವಳು ಮನೆಗೆ ಬಂದಿದ್ದಳು. ನಾನು ಬಚ್ಚಿಟ್ಟೆ. ಪಕ್ಕದ ಮನೆಯವರು ತಂದುಕೊಟ್ಟುಬಿಟ್ಟರು, ‘ನಿಮ್ಮ ಫೋಟೋ ಬಂದಿದೆ’ ಎಂದು. ಅವಳು ಕೊನೆಯ ಪುಟ ಓದಿದಳು. ಇನ್ನೊಂದು ಸಲ ಓದಿದಳು.

“ಏನ್ರೀ, ನೀವಿಬ್ರೂ ಸೇರ್ಕೊಂಡು ಮೊದ್ಲೇ ತೀರ್ಮಾನ ಮಾಡ್ಬಿಟ್ರಾ?” ಎಂದಳು. ತಮಾಷೆಗೆ. ಅವಳ ತಮಾಷೆ ನಿನಗೆ ಗೊತ್ತಲ್ಲ.

ನಾನು ನಗಬೇಕಿತ್ತು, ನಗಲಾಗಲಿಲ್ಲ. ಅದಾಗಿ ಒಂದೂವರೆ ವರ್ಷ ಬದುಕಿದಳು. ನೀನು ಬರಲಿಲ್ಲ. ಮಣ್ಣಿಗೂ ಬರಲಿಲ್ಲ.

ನೀನು ಮೊದಲ ಭಾನುವಾರ ನಮ್ಮ ಮನೆಗೆ ಬಂದದ್ದು ನೆನಪಿದೆಯೇ? ಅವಳು ಬಾಗಿಲು ತೆಗೆದು, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ, “ಊಟ ಆಯ್ತಾ?” ಎಂದಳು. ನಮ್ಮವರು ಬಾಗಿಲಲ್ಲಿ ಕೇಳುವುದೇ ಅದು. ನೀನು ಬ್ರೂಕ್ಲಿನ್‌ನ ಹುಡುಗ, ಉಪಚಾರಕ್ಕೆ, “ಆಯ್ತು ಮೇಡಂ, ತಿಂದ್ಕೊಂಡೇ ಬಂದೆ” ಎಂದೆ.

“ಎಂಥ ಮನುಷ್ಯನಪ್ಪ ನೀನು! ಬಾಗಿಲಲ್ಲೇ ಬಾಗಿಲು ಹಾಕ್ತೀಯಲ್ಲ! ಹೊಟ್ಟೆ ಬಿರಿಯೋ ಹಾಗಿದ್ರೂ ‘ಇನ್ನೂ ಇಲ್ಲ’ ಅನ್ಬೇಕು. ಅನ್ನು ನೋಡಾಣ.”

“ಇನ್ನೂ ಇಲ್ಲ.”

“ಹಾಂ. ಈಗ ಬೂಟು ಬಿಚ್ಚು, ಕೂತ್ಕೋ.”

ಆಮೇಲೆ ಎಷ್ಟೋ ಭಾನುವಾರ ಅದೇ ಕುರ್ಚಿಯಲ್ಲಿ ಕೂತು ಅವಳು ಹುಳಿ ಹಾಕಿ ಬೇಯಿಸಿದ ಹಂದಿಮಾಂಸ ತಿಂದೆ. ನಿಮ್ಮ ಯಹೂದಿ ಮನೆಯಲ್ಲಿ ಹಂದಿ ಮುಟ್ಟುವಂತಿಲ್ಲ, ನಿಮ್ಮಮ್ಮನಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡೆ.

ನಿನ್ನ ಕಣ್ಣಿನ ವಿಷಯಕ್ಕೆ ನಾನೊಂದು ದಾರಿ ಯೋಚಿಸಿದ್ದೇನೆ. ಚಿತ್ರ ಕಳಿಸುವುದಿಲ್ಲ, ಒಂದೊಂದು ಚೌಕವನ್ನೂ ಮಾತಿನಲ್ಲಿ ಬರೆದು ಕಳಿಸುತ್ತೇನೆ. ರೋಸ್ಲಿನ್ ಓದಲಿ. ಈ ಸಲ ಪುಟಕ್ಕಿಂತ ಅಂಚೇ ದೊಡ್ಡದು. ನನ್ನ ಇಂಗ್ಲಿಷಿಗೆ ಮಿಸೆಸ್ ವಿಲ್ಯಾಲುಸ್ ಗೋರಿಯಲ್ಲಿ ಹೊರಳಿದರೆ ಹೊರಳಲಿ. ಮೊದಲ ಮೂರು ಪುಟ ಇದರ ಜೊತೆಗಿದೆ.

ಮಾಡುತ್ತೀಯೋ ಇಲ್ಲವೋ ಹೇಳು.

ಮಕಾರಿಯೋ


ಸರಸೋಟ
೧೭ ನವೆಂಬರ್ ೧೯೯೧

ಮ್ಯಾಕ್,

ಮೂರು ಪುಟಕ್ಕೂ ಮಾತು ಹಾಕಿ ಕಳಿಸಿದ್ದೇನೆ. ಎರಡನೆಯ ಪುಟದಲ್ಲಿ ‘ದೊಡ್ಡ ನಕ್ಷತ್ರ, ಅದಕ್ಕೆ ಕೆಮ್ಮು ಬಂದ ಹಾಗೆ ಬೆಳಕು ನಡುಗುತ್ತಿದೆ’ ಎಂದು ಬರೆದಿದ್ದೀಯಲ್ಲ, ಅದರ ಮೇಲೆ ನಾನೇನೂ ಹಾಕಿಲ್ಲ. ಮೊದಲಾದರೆ ಮೂರು ಮಾತಿನ ಬಲೂನು ತುಂಬಿ ನಿನ್ನ ನಕ್ಷತ್ರ ಮುಚ್ಚುತ್ತಿದ್ದೆ.

ಈಗ ನನ್ನ ಸರದಿ.

ನೀನು ಎಲ್ಲ ಚೌಕಕ್ಕೂ ಬಡಬಡಿಸುವವನು. ಆ ಪುಟದಲ್ಲಿ ಮಾತ್ರ ಸುಮ್ಮನಿದ್ದೆ. ಫೆಲಿ ಆಸ್ಪತ್ರೆಯಲ್ಲಿದ್ದದ್ದು ನನಗೆ ಗೊತ್ತಿತ್ತು. ಆ ಮುಖ ನೋಡಿದೆ, ಖಾಲಿ ಅಂಚು ನೋಡಿದೆ. ಇವನಿಗೆ ಬಾಯಲ್ಲಿ ಹೇಳಲಾಗದ್ದನ್ನು ಚಿತ್ರದಲ್ಲಿ ಹೇಳಿ ಕಳಿಸಿದ್ದಾನೆ, ಮಾತು ಹಾಕುವುದು ನನ್ನ ಕೆಲಸ ತಾನೆ, ಅವನ ಪರವಾಗಿ ನಾನೇ ಹೇಳಿಬಿಡಬೇಕು ಎಂದುಕೊಂಡೆ. ಅಳುತ್ತಾ ಬರೆದೆ ಕಣೋ. ಗೆಳೆಯನಿಗೆ ಮಾಡಿದ ದೊಡ್ಡ ಉಪಕಾರ ಎಂದುಕೊಂಡಿದ್ದೆ. ಫೋನು ಎತ್ತಿ ಕೇಳಿದ್ದರೆ ಮುಗಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರು ಫೋನು ಎತ್ತುತ್ತಾರೆ?

ಇನ್ನೊಂದು. ನಾನು ಬಂದಿದ್ದೆ. ಅವಳು ನಿನಗೆ ಹೇಳಲಿಲ್ಲವೆಂದು ನಿನ್ನ ಕಾಗದದಿಂದ ಗೊತ್ತಾಯಿತು. ಸಂಚಿಕೆ ಬಂದ ತಿಂಗಳು. ನೀನು ಮನೆಯಲ್ಲಿರಲಿಲ್ಲ, ಔಷಧಿ ತರಲು ಹೋಗಿದ್ದೆಯೋ ಏನೋ. ಬಾಗಿಲು ಅರೆ ತೆರೆದಿತ್ತು. ಅವಳು ಒಳಗೆ ಸೋಫಾದ ಮೇಲೆ ಮಲಗಿದ್ದವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಮಡಿಲಲ್ಲಿ ಆ ಸಂಚಿಕೆ ಇತ್ತು. ನಾನು ಬಾಗಿಲಲ್ಲೇ ನಿಂತೆ. ಬೈಯುತ್ತಾಳೆಂದುಕೊಂಡೆ.

“ಊಟ ಆಯ್ತಾ?” ಎಂದಳು.

ನನಗೆ ಸರಿಯುತ್ತರ ಗೊತ್ತಿತ್ತು, ಮ್ಯಾಕ್. ಅವಳೇ ಕಲಿಸಿದ್ದಲ್ಲವೇ. ಆದರೆ ಹಾಗೆಂದರೆ ಒಳಗೆ ಹೋಗಿ ಕೂರಬೇಕಲ್ಲ, ಅವಳ ಎದುರು, ಮಡಿಲಿನ ಆ ಪುಟದ ಎದುರು.

“ಆಯ್ತು” ಎಂದುಬಿಟ್ಟೆ. ಮೆಟ್ಟಿಲಿಳಿದು ಬಂದೆ. ಅವಳು ಹಿಂದಿನಿಂದ ಏನೋ ಹೇಳಿದಳು, ಕೇಳಿಸಲಿಲ್ಲ.

ಮುಂದಿನ ಪುಟ ಕಳಿಸು. ಹೆಸ್ಟರ್ ಬದುಕಲಿ.

ನೇಟ್


ವುಡ್‌ಸೈಡ್
೨೨ ಡಿಸೆಂಬರ್ ೧೯೯೧

ನೇಟ್,

ಆ ಕಾಗದಕ್ಕೆ ಏನು ಬರೆಯಬೇಕೆಂದು ತಿಳಿಯದೆ ತಡವಾಯಿತು. ಪುಟಗಳನ್ನು ಬರೆದು ಮುಗಿಸುವುದೇ ಉತ್ತರ ಎಂದುಕೊಂಡೆ. ಅವಳು ನನಗೆ ಹೇಳಿರಲಿಲ್ಲ. ಆ ತಿಂಗಳು ಒಂದು ಸಂಜೆ ನಾನು ಔಷಧಿ ತಂದಾಗ ಮೇಜಿನ ಮೇಲೆ ಮೂರು ತಟ್ಟೆ ಇದ್ದವು, ಮರೆತು ಒಂದು ಹೆಚ್ಚು ಇಟ್ಟಿದ್ದಾಳೆ ಎಂದುಕೊಂಡಿದ್ದೆ.

ಏಳನೆಯ ಪುಟದವರೆಗಿನ ವಿವರಣೆ ಜೊತೆಗಿದೆ. ಈಗ ಎಂಟು.

ಮೊದಲ ಚೌಕ: ದೀಪಸ್ತಂಭ ದೂರದಿಂದ, ಬೆಳಕು ಇದೆ. ಎರಡನೆಯದು: ವೆಲ್ಡಾರ್ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದಾನೆ, ಹೆಗಲ ಮೇಲೆ ನಕ್ಷತ್ರದ ಬೂದಿ. ಮೂರನೆಯದು: ಬೂಟು ಬಿಚ್ಚುತ್ತಿದ್ದಾನೆ. ಜೋನೆಟ್ ನಕ್ಕಳು: “ಮಿಸ್ಟರ್ ಡುಮ್ಲಾವ್, ಮೈನ್‌ನಲ್ಲಿ ಯಾರ್ರೀ ಬಾಗಿಲಲ್ಲಿ ಬೂಟು ಬಿಚ್ತಾರೆ? ಅದೂ ವಿಶ್ವರಕ್ಷಕ!” ನಮ್ಮ ವಿಶ್ವರಕ್ಷಕ ಬಿಚ್ಚುತ್ತಾನೆ ಎಂದೆ.

ನಾಲ್ಕನೆಯದು ದೊಡ್ಡ ಚೌಕ. ಹೆಸ್ಟರ್ ಎದ್ದು ಬಂದು ಅವನ ಎದುರು ನಿಂತಿದ್ದಾಳೆ. ಮುದುಕಿಯಾಗಿದ್ದಾಳೆ. ಇಲ್ಲಿಗೆ ನನ್ನ ಕೈ ನಿಂತಿದೆ. ನೇಟ್, ನನಗೆ ಫೆಲಿಯ ಮಲಗಿದ ಮುಖ ಬರುತ್ತದೆ. ಕಣ್ಣು ಮುಚ್ಚಿಕೊಂಡು ಬೇಕಾದರೂ ಬರೆಯಬಲ್ಲೆ. ಕೊನೆಯ ವರ್ಷ ನಾನು ನೋಡಿದ್ದೇ ಅದನ್ನು. ಎದ್ದ ಮುಖ ಬರುತ್ತಿಲ್ಲ. ಮದುವೆಯ ಫೋಟೋ ನೋಡಿದೆ, ಅದರಲ್ಲಿ ಅವಳು ಫೋಟೋಗ್ರಾಫರನಿಗೆ ಹೆದರಿದ ಹುಡುಗಿ. ಬರೆದು ಬರೆದು ಒರೆಸಿ ಕಾಗದ ತೂತಾಗಿದೆ. ಗಂಡನಾದವನು ಇದನ್ನು ಬೇರೆಯವನ ಹತ್ತಿರ ಕೇಳಬಾರದು. ನೆವರ್‌ದಿಲೆಸ್ ಕೇಳುತ್ತಿದ್ದೇನೆ. ಬಾಗಿಲು ತೆಗೆದಾಗ ಅವಳು ಹೇಗೆ ಕಾಣುತ್ತಿದ್ದಳು? ಬಾಗಿಲಿನ ಆಚೆ ನಿಂತು ನೋಡಿದವನು ನೀನು. ನಾನು ಯಾವಾಗಲೂ ಒಳಗಿದ್ದೆ.

ಮಕಾರಿಯೋ


ಸರಸೋಟ
೧೧ ಜನವರಿ ೧೯೯೨

ಮ್ಯಾಕ್,

ಬರೆದುಕೋ.

ಬಾಗಿಲು ಪೂರ್ತಿ ತೆಗೆಯುತ್ತಿರಲಿಲ್ಲ, ಮೊದಲು ಒಂದು ಗೇಣು. ಆ ಸಂದಿಯಲ್ಲಿ ಗದ್ದ ಮುಂದೆ ಬರುತ್ತಿತ್ತು, ಆಮೇಲೆ ಮುಖ. ಎಡಹುಬ್ಬು ಮೇಲೆ, ಯಾವನಪ್ಪ ಇವನು ಎನ್ನುವ ಹಾಗೆ, ಬಂದವನು ಯಾರೆಂದು ಗೊತ್ತಿದ್ದರೂ. ಕೂದಲಿನ ಪಿನ್ನು ಹಲ್ಲಿನಲ್ಲಿ. ಒಂದು ಕೈಯಲ್ಲಿ ಸೌಟು. ಮಾತಾಡಬೇಕಾದರೆ ಪಿನ್ನು ತೆಗೆಯಬೇಕಲ್ಲ, ಸೌಟು ಹಿಡಿದ ಕೈಯಿಂದಲೇ ತೆಗೆಯಲು ಹೋಗುತ್ತಿದ್ದಳು. ಆಮೇಲೆ ನಗು. ನಗು ಬಾಯಿಂದ ಶುರುವಾಗುತ್ತಿರಲಿಲ್ಲ, ಆ ಏರಿದ ಹುಬ್ಬು ಇಳಿಯುತ್ತಿತ್ತು, ಅಷ್ಟೇ.

ನನಗೆ ಈಗ ರೋಸ್ಲಿನ್‌ಳ ಮುಖ ಕಾಣುವುದಿಲ್ಲ. ಇದು ಕಾಣುತ್ತದೆ.

ಹೆಸ್ಟರ್‌ಳ ಬಲೂನಿಗೆ ಬೇರೆ ಮಾತು ಬೇಡ. ‘ಊಟ ಆಯ್ತಾ?’ ಅಷ್ಟೇ. ಅಷ್ಟೂ ನಕ್ಷತ್ರ ಹೊತ್ತಿಸಿ ಬಂದವನಿಗೆ ಇನ್ನೇನು ಕೇಳುತ್ತಾರೆ?

ಅದಕ್ಕೆ ವೆಲ್ಡಾರ್ ಹೇಳುವ ಮಾತು ನಾನು ಬರೆಯುವುದಿಲ್ಲ. ನನ್ನ ಬಾಯಿಂದ ಒಂದು ಸಲ ತಪ್ಪು ಉತ್ತರ ಬಂದಿದೆ. ಈ ಬಲೂನು ನಿನ್ನದು. ಬರೆದು ಕಳಿಸು, ರೋಸ್ಲಿನ್ ಓದಿ ಹೇಳಲಿ. ಆಮೇಲೆ ಅಚ್ಚಿಗೆ ಕೊಡು.

ಬೇಗ ಬರಿ. ಇಲ್ಲಿನ ಡಾಕ್ಟರು ಈಗ ಕಣ್ಣು ಬಿಟ್ಟು ಎದೆ ನೋಡಲು ಶುರುಮಾಡಿದ್ದಾರೆ.

ನೇಟ್


ಸರಸೋಟ
೨೦ ಫೆಬ್ರವರಿ ೧೯೯೨

ಡುಮ್ಲಾವ್ ಅವರೇ,

ಅಣ್ಣ ಮೊನ್ನೆ ಸೋಮವಾರ ಬೆಳಿಗ್ಗೆ ತೀರಿಕೊಂಡ. ಎದೆಯ ಕಾಯಿಲೆ. ನರಳಲಿಲ್ಲ. ನಮ್ಮಲ್ಲಿ ತಡ ಮಾಡುವುದಿಲ್ಲ, ಮರುದಿನವೇ ಮಣ್ಣು ಮಾಡಿದೆವು. ನಿಮಗೆ ಫೋನು ಮಾಡಲು ನಂಬರು ಸಿಗಲಿಲ್ಲ. ಅವನಿಗೆ ಬಾಯಿಪಾಠವಿತ್ತು, ಎಲ್ಲೂ ಬರೆದಿಟ್ಟಿರಲಿಲ್ಲ.

ನಿಮ್ಮ ಕಾಗದಗಳನ್ನು ಓದುವ ದಿನ ಅವನು ಶೇವ್ ಮಾಡಿಸಿಕೊಂಡು ಕೂರುತ್ತಿದ್ದ. ಅದನ್ನು ನಿಮಗೆ ಹೇಳಬೇಕೆನಿಸಿತು.

ಕೊನೆಯ ವಾರಗಳಲ್ಲಿ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದ. ದಿನಾ ಟಪಾಲಿನವನ ಗಾಡಿ ಸದ್ದಾದ ಕೂಡಲೇ, “ರೋಸಿ, ಮ್ಯಾಕ್‌ದು ಬಂತೇನೇ?” ಅನ್ನೋನು. ನಾನು, “ಇನ್ನೂ ಇಲ್ಲ ಕಣೋ” ಅನ್ನುತ್ತಿದ್ದೆ. ಅದಕ್ಕೆ ನಗುತ್ತಿದ್ದ. ದಿನಾ. ಯಾಕೋ ನಗ್ತೀಯಾ ಅಂದರೆ, “ಏನಿಲ್ಲ, ಕೂತ್ಕೋ ಬಾ” ಅನ್ನುತ್ತಿದ್ದ. ಕೊನೆಗಾಲದಲ್ಲಿ ತಲೆ ಸ್ವಲ್ಪ ಹೆಚ್ಚುಕಡಿಮೆ ಆಗಿತ್ತೇನೋ.

ನಿಮ್ಮ ಕಥೆ ಏನಾಯಿತು? ಆ ಮನುಷ್ಯ ಅವಳಿಗೆ ಏನೆಂದ? ಅವನಿಗೆ ಓದಿ ಹೇಳಿ ಹೇಳಿ ನನಗೂ ತಿಳಿಯಬೇಕು ಅನಿಸಿಬಿಟ್ಟಿದೆ.

ರೋಸ್ಲಿನ್ ಲಿಪ್ಕಿನ್


ವುಡ್‌ಸೈಡ್
೨೮ ಫೆಬ್ರವರಿ ೧೯೯೨

ರೋಸ್ಲಿನ್ ಅವರಿಗೆ,

ಸಂತಾಪದ ಪತ್ರ ಮಿಸೆಸ್ ವಿಲ್ಯಾಲುಸ್ ಹೇಳಿಕೊಟ್ಟಿದ್ದರು ಎಂದು ನೇಟ್‌ಗೆ ಬರೆದಿದ್ದೆ. ಆ ಸಾಲುಗಳು ಅರ್ಧ ನೆನಪಿವೆ, ಅರ್ಧ ಇಲ್ಲ. ನೆನಪಿರುವ ಅರ್ಧವೂ ನಿಮ್ಮಣ್ಣನಿಗೆ ಹೊಂದುವುದಿಲ್ಲ.

ಅವನ ಕೊನೆಯ ಕಾಗದ ಬಂದ ದಿನವೇ ಹೆಸ್ಟರ್‌ಳ ಮುಖ ಬರೆದೆ. ಹುಬ್ಬಿನಿಂದ ಶುರುಮಾಡಿದೆ. ಬಂದುಬಿಟ್ಟಳು. ಪೆನ್ಸಿಲು ಇಟ್ಟು ತುಂಬಾ ಹೊತ್ತು ಅಡುಗೆಮನೆಯಲ್ಲಿ ನಿಂತಿದ್ದೆ.

ಮುಖಕ್ಕೆ ತಡವಾಗಲಿಲ್ಲ. ತಡವಾದದ್ದು ಮಾತಿಗೆ. ನಾನು ಜೀವನದಲ್ಲಿ ಒಂದು ಬಲೂನೂ ತುಂಬಿದವನಲ್ಲ. ವಿಶ್ವರಕ್ಷಕ ಮುದುಕಿ ಹೆಂಡತಿಗೆ ಹೇಳುವ ಮೊದಲ ಮಾತು ಎಂದುಕೊಂಡು ನಿಮ್ಮಣ್ಣನ ಹಾಗೆ ಬರೆಯಲು ಹೋದೆ. ನಕ್ಷತ್ರ, ಕಾಲ, ಕ್ಷಮೆ. ಒಂದೊಂದು ದಿನ ಒಂದೊಂದು ಬರೆದು, ಇದು ಅವನಿಗೆ ಕೇಳಿಸುವಷ್ಟು ಚೆನ್ನಾಗಿಲ್ಲ ಎಂದು ಹರಿದುಹಾಕಿದೆ. ಅಲ್ಲಿ ಅವನು ಕಾಯುತ್ತಿದ್ದಾನೆ ಎನ್ನುವುದು ನನ್ನ ತಲೆಗೆ ಬರಲಿಲ್ಲ. ನಾವಿಬ್ಬರೂ ಹೀಗೆಯೇ, ಹೇಳಬೇಕಾದದ್ದು ಎರಡು ಮಾತಾದರೆ ಅದನ್ನು ಸುತ್ತಿ ಬರಲು ಹದಿನೆಂಟು ವರ್ಷ.

ಅವನ ತಲೆ ಸರಿಯಾಗಿತ್ತು, ರೋಸ್ಲಿನ್. ಅವನು ನಕ್ಕದ್ದು ಯಾಕೆಂದರೆ ನೀವು ದಿನಾ ಅವನಿಗೆ ಹೇಳುತ್ತಿದ್ದದ್ದೇ ಸರಿಯಾದ ಉತ್ತರ. ನಾನು ಅಕ್ಟೋಬರಿನಲ್ಲಿ ಬರೆದ ಕಾಗದವನ್ನು ಇನ್ನೊಮ್ಮೆ ಓದಿ ನೋಡಿ, ಅದರಲ್ಲಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಅವನಿಗೆ ಪಾಠ ಹೇಳಿದ್ದಿದೆ. ಅವನಿಗೆ ಗೊತ್ತಿತ್ತು. ನಾನು ಏನು ಬರೆಯಬೇಕೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ನನಗೇ ಹೊಳೆಯಲೆಂದು ಕಾದ.

ನಾಳೆ ಶನಿವಾರ, ಕಂಪನಿಗೆ ರಜೆ, ಹಾಗಾಗಿ ಇವತ್ತೇ ಕೊನೆಯ ದಿನ. ಬೆಳಿಗ್ಗೆ ಪುಟಗಳನ್ನು ತೆಗೆದುಕೊಂಡು ನಾನೇ ರೈಲಿನಲ್ಲಿ ಕಂಪನಿಗೆ ಹೋದೆ. ಜೋನೆಟ್ ಎಂಟನೆಯ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಇದನ್ನ ಅಚ್ಚು ಹಾಕ್ತೀವಿ, ಅದು ನನ್ನ ಮಾತು,” ಎಂದಳು. “ಮುಂದಿನ ವರ್ಷ ನಮ್ಮ ಹುಡುಗರು ಇವಳನ್ನ ಏನು ಮಾಡ್ತಾರೋ, ಅದು ಮಾತ್ರ ನನ್ನ ಕೈಲಿಲ್ಲ.”

“ಯಾರ ಕೈಲೂ ಇಲ್ಲ ಬಿಡಮ್ಮ.”

“ಈ ಕೊನೇ ಬಲೂನಿನ ಅಕ್ಷರ ಸೊಟ್ಟಗಿದೆ. ಬೇರೆಯವರ ಕೈಲಿ ಬರೆಸ್ಲಾ?”

“ಬೇಡ.”

ನೀವು ಕೇಳಿದಿರಿ, ಹೇಳುತ್ತೇನೆ. ಹೆಸ್ಟರ್ ಬಾಗಿಲನ್ನು ಒಂದು ಗೇಣು ತೆಗೆದು ನಿಂತಿದ್ದಾಳೆ, ಸೌಟು ಕೈಯಲ್ಲಿ, ಪಿನ್ನು ಹಲ್ಲಿನಿಂದ ಈಗ ತಾನೆ ತೆಗೆದಿದ್ದಾಳೆ. ‘ಊಟ ಆಯ್ತಾ?’ ಎಂದಿದ್ದಾಳೆ. ವೆಲ್ಡಾರ್ ಬರಿಗಾಲಿನಲ್ಲಿದ್ದಾನೆ. ಅವನ ಮುಖ ನಾನು ತೋರಿಸಿಲ್ಲ, ಬೆನ್ನು ಮಾತ್ರ. ಆ ಬೆನ್ನು ಸ್ವಲ್ಪ ಗೂನು. ಟೈಪ್‌ರೈಟರಿನ ಮುಂದೆ ಕೂತು ಕೂತು ನಿಮ್ಮಣ್ಣನಿಗೆ ಬಂದಿತ್ತಲ್ಲ, ಆ ಗೂನು.

‘ಇನ್ನೂ ಇಲ್ಲ’ ಎನ್ನುತ್ತಾನೆ.

ಅವಳು ಬಾಗಿಲು ಪೂರ್ತಿ ತೆಗೆಯುತ್ತಾಳೆ.

ನಿಮ್ಮ,
ಮಕಾರಿಯೋ ಡುಮ್ಲಾವ್